ಇಲ್ಲದ ಕಿವಿಗೊಂದು ಚೀಲ

ಮಾಲೂರು
2 ಜೂನ್ 2024

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿರುವ ಗಣ್ಯರೇ, ಕುರ್ಚಿ ಸಿಗದೆ ಕಂಬಕ್ಕೆ ಒರಗಿರುವ ಇನ್ನೂ ಹೆಚ್ಚಿನ ಗಣ್ಯರೇ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳಿಂದ ಟೊಮೆಟೊ ಲಾರಿ ಹತ್ತಿ ಬಂದಿರುವ ಮಹಾಜನರೇ,

ಈ ದಿನ ನಾವು ಇಲ್ಲಿ ಸೇರಿರುವುದು ಒಂದು ಬೆತ್ತಲೆ ಟರ್ಬೋಚಾರ್ಜರಿನ ಮಾನ ಕಾಪಾಡುವುದಕ್ಕಾಗಿ.

ಲೇ ಅಜ್ಮತ್, ನಿನ್ನ ಮೇಲ್ ಓದಿದೆ. ಆಮೇಲೆ ಶೆಡ್ಡಿನಲ್ಲಿ ಎಲ್ಲರಿಗೂ ಕೇಳುವಂತೆ ಜೋರಾಗಿ ಓದಿದೆ. ಅರ್ಥವಾದದ್ದನ್ನು ಒಪ್ಪಿಸುತ್ತೇನೆ, ತಪ್ಪಿದ್ದರೆ ಕಿವಿ ಹಿಂಡು. ನಿಮ್ಮ ಹಡಗಿಗೆ ಕರೆಂಟು ಕೊಡುವ ಎರಡನೇ ಜನರೇಟರ್ ಇದೆಯಲ್ಲ, ಅದರ ಎಂಜಿನ್ ಬಿಡುವ ಹೊಗೆ ಸುಮ್ಮನೆ ಚಿಮಣಿಗೆ ಹೋಗುವುದಿಲ್ಲ. ಟರ್ಬೋಚಾರ್ಜರ್ ಎಂಬ ಬಸವನಹುಳುವಿನಾಕಾರದ ಕಬ್ಬಿಣದ ಡಬ್ಬಿಗೆ ಹೊಕ್ಕು ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ತುರುಕುತ್ತದೆ. ಹೊಗೆಯ ಬಿಸಿ ಐನೂರು ಡಿಗ್ರಿ. ಡಬ್ಬಿಗೆ ಸುತ್ತಿದ್ದ ಹಳೆಯ ಹೊದಿಕೆ ಎಣ್ಣೆ ಕುಡಿದು, ಹರಿದು, ಉದುರಿಹೋಗಿದೆ. ಇನ್ನೂರಿಪ್ಪತ್ತು ಡಿಗ್ರಿ ದಾಟಿದ ಯಾವುದೂ ಹಡಗಿನಲ್ಲಿ ಬರಿಮೈಯಲ್ಲಿ ಇರಬಾರದೆಂದು ಕಾನೂನು, ಯಾಕೆಂದರೆ ಪಕ್ಕದಲ್ಲೇ ಡೀಸೆಲ್ ಕೊಳವೆಗಳು. ಒಂದು ಸೋರಿ ಆ ಕಬ್ಬಿಣದ ಮೇಲೆ ಬಿದ್ದರೆ ಬೆಂಕಿ. ಕಂಪನಿಯವರು ನವೆಂಬರಿನಲ್ಲಿ ಹಡಗು ರಿಪೇರಿಗೆ ಹೋದಾಗ ನೋಡೋಣ ಅನ್ನುತ್ತಿದ್ದಾರೆ. ನಿಮ್ಮ ಚೀಫ್ ಎಂಜಿನಿಯರ್ ಮಾತ್ರ, ಜುಲೈ ಕೊನೆಗೆ ಚೆನ್ನೈಗೆ ಬಂದಾಗ ಯಾರಾದರೂ ಕೋಟು ಹೊಲಿದು ತಂದರೆ ತೊಡಿಸೋಣ, ಇಲ್ಲವಾದರೆ ಹೀಗೇ ಆಫ್ರಿಕಾಕ್ಕೆ ಹೊರಡೋಣ ಅಂದಿದ್ದಾನೆ. ಆ ಎಂಜಿನ್ ಪಕ್ಕ ದಿನವೂ ನಿಲ್ಲುವವನು ಸೆಕೆಂಡ್ ಎಂಜಿನಿಯರ್ ಸಾಹೇಬನಾದ ನೀನು. ಸರಿಯಾ?

ಸರಿಯಾದರೆ ಕೇಳು. ನಾವು ಹೊಲೀತೀವಿ ಕಣೋ! ಇಷ್ಟು ವರ್ಷ ನಾವು ಕೋಟು ಹೊಲಿದದ್ದೆಲ್ಲ ನೆಲದ ಮೇಲಿನ ಬಿಸಿಗೆ. ಕಾರ್ಖಾನೆಯ ಬಾಯ್ಲರ್ ಪೈಪು, ಕಲ್ಯಾಣಮಂಟಪದ ಜನರೇಟರಿನ ಸೈಲೆನ್ಸರು, ಇಂಥವು. ಸಮುದ್ರದ ಬಿಸಿ ನಮ್ಮ ಶೆಡ್ಡಿಗೆ ಕಾಲಿಟ್ಟಿರಲಿಲ್ಲ. ನಮ್ಮ ಹೊಲಿಗೆಯ ಯಜಮಾನತಿ ಗಂಗಾಲಕ್ಷ್ಮಿ, ರಾಯಲ್ಪಾಡಿನವಳು, ಕೇಳಿದ ತಕ್ಷಣ ಮಿಷನ್ ನಿಲ್ಲಿಸಿದಳು.

"ಓರ್ನಾಯನೋ! ನೀರಿನ ಮೇಲೆ ತೇಲೋದಕ್ಕೂ ಸೆಕೇನಾ ಸಾರ್?"

"ಸಮುದ್ರ ತಣ್ಣಗಿರುತ್ತೆ ಗಂಗಮ್ಮ. ಎಂಜಿನ್ ಇರಲ್ಲ."

"ಹಂಗಾದ್ರೆ ಮೊದ್ಲು ಅಳತೆ ತರ್ಸಿ. ನಿಮ್ಮ ಪದ್ಯ ಆಮೇಲೆ."

ಅವಳು ಹಾಗೇ. ಬಾಗಿಲ ಪಕ್ಕದ ಮೊಳೆಗೆ ಕ್ಯಾಲೆಂಡರಿನ ಜೊತೆ ಸುಟ್ಟಗಾಯದ ಬಿಳಿ ಮುಲಾಮು ನೇತುಹಾಕಿದ್ದಾಳೆ. ಬಾಯ್ಲರಿಗೆ ಕೋಟು ತೊಡಿಸಲು ಹೋಗುವವರು ಅದನ್ನು ಜೇಬಿಗೆ ಹಾಕಿಕೊಂಡೇ ಹೊರಡಬೇಕು. ಪದ್ಯಕ್ಕೆ ಅಲ್ಲಿ ಮೊಳೆಯಿಲ್ಲ. ಆದರೂ ಹೇಳುತ್ತೇನೆ:

ಬಿಸಿ ಎಂಜಿನ್ನಿಗೆ ಬೇಕು ಕಂಬಳಿ,
ಇಲ್ಲದಿದ್ದರೆ ಹಡಗೇ ಅಂಬಲಿ.

ಚಪ್ಪಾಳೆ ನಿಂತ ಮೇಲೆ ಅಳತೆ ಕಳಿಸು.

ಕಾಂತರಾಜ್


ಅರಬ್ಬೀ ಸಮುದ್ರ, ಕೊಲಂಬೊ ದಾರಿ
5 ಜೂನ್ 2024

ಲೇ ಕಾಂತ,

ಸಭಾಧ್ಯಕ್ಷರಿಗೆ ನನ್ನ ಸಲಾಂ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗ ಹಿಡಿದ ಕಾಯಿಲೆ, ನಲವತ್ತೈದಾದರೂ ವಾಸಿಯಾಗಿಲ್ಲ. ಆಗ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು ನಾನೊಬ್ಬನೇ ಅನ್ನುವುದು ನೆನಪಿರಲಿ.

ನೀನು ಒಪ್ಪಿಸಿದ ಪಾಠದಲ್ಲಿ ತಪ್ಪಿಲ್ಲ. ಆದರೆ ಹಡಗಿನ ಮೇಲ್‌ನಲ್ಲಿ ಚಿತ್ರ ಹೋಗುವುದಿಲ್ಲ, ಅಕ್ಷರ ಮಾತ್ರ ಹೋಗುತ್ತದೆ. ಸಮುದ್ರದಲ್ಲಿರುವಾಗ ಅಳತೆ ತೆಗೆಯುವಂತೆಯೂ ಇಲ್ಲ. ಒಂದನೇ ಜನರೇಟರನ್ನು ಬಿಚ್ಚಿಟ್ಟು ಸಾಮಾನಿಗೆ ಕಾಯುತ್ತಿದ್ದೇವೆ, ಹಾಗಾಗಿ ಎರಡನೆಯದು ದಡ ಸೇರುವವರೆಗೂ ಓಡುತ್ತಲೇ ಇರಬೇಕು. ಕೊಲಂಬೊದಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ, ಕಾಗದ ಸುತ್ತಿ ಕತ್ತರಿಸಿ ಕೊರಿಯರ್ ಮಾಡುತ್ತೇನೆ.

ಈಗಲೇ ಹೇಳಿಬಿಡುತ್ತೇನೆ, ಬರೆದಿಟ್ಟುಕೋ. ಡಬ್ಬಿಯ ಗಾತ್ರ ಮದುವೆಮನೆಯ ಸಾರಿನ ಕೊಳಗದಷ್ಟು. ಹೊಟ್ಟೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ. ಮೇಲೆ, ಸರಪಳಿ ಹಾಕಿ ಎತ್ತುವುದಕ್ಕೆ, ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಕಿವಿ. ಎಡಗಿವಿ ಯಾವುದೋ ಕಾಲದಲ್ಲಿ ಮುರಿದುಹೋಗಿ ಮೊಂಡು ಮಾತ್ರ ಉಳಿದಿದೆ.

ಕೋಟು ಮೈಗೆ ಅಂಟಿಕೊಂಡಂತೆ ಕೂರಬೇಕು ಕಾಂತ. ಸಡಿಲವಾದರೆ ಎಣ್ಣೆ ಒಳಗೆ ಇಳಿಯುತ್ತದೆ, ಬಿಗಿಯಾದರೆ ಕೊಂಡಿ ಕೂರುವುದಿಲ್ಲ. ಚೆನ್ನೈನಲ್ಲಿ ಹಡಗು ನಿಲ್ಲುವುದು ಎರಡೇ ದಿನ. ಸರಿಹೋಗಲಿಲ್ಲ ಅಂತ ವಾಪಸ್ ಕಳಿಸಿ ತಿದ್ದಿಸುವ ಸಮಯ ಇಲ್ಲ.

ಇನ್ನೊಂದು ಮಾತು. ಮುಳಬಾಗಿಲಿಗೆ ಹೋದರೆ ಅಮ್ಮಿಗೆ ಇದೆಲ್ಲ ಹೇಳಬೇಡ. ನಾನು ಎಸಿ ರೂಮಿನಲ್ಲಿ ಕೂತು ಸ್ವಿಚ್ಚು ಒತ್ತುವವನು ಅಂತ ಅಮ್ಮಿ ಬೀದಿಗೆಲ್ಲ ಹೇಳಿಕೊಂಡಿದ್ದಾಳೆ. ಆ ಹೆಸರು ಹಾಗೇ ಇರಲಿ.

ಕಂಬಳಿ, ಅಂಬಲಿ ಚೆನ್ನಾಗಿದೆ. ಚೀಫ್‌ಗೆ ಇಂಗ್ಲಿಷಿನಲ್ಲಿ ಹೇಳಲು ಹೋದೆ. ಹಡಗು ಯಾಕೆ ಗಂಜಿ ಆಗುತ್ತದೆ ಅಂತ ಅವನು ಈಗಲೂ ಕೇಳುತ್ತಿದ್ದಾನೆ.

ಅಜ್ಮತುಲ್ಲಾ


ಮಾಲೂರು
26 ಜೂನ್ 2024

ಮಾನ್ಯ ಸಭಾಧ್ಯಕ್ಷರೇ,

ಪೊಟ್ಟಣ ಬಂತು! ಕೊಲಂಬೊದಿಂದ ಹೊರಟು, ದಾರಿಯಲ್ಲಿ ಯಾರ್ಯಾರ ಕಂಕುಳಲ್ಲೋ ಕೂತು, ನಿನ್ನೆ ಮಾಲೂರಿಗೆ ಬಂದಿಳಿಯಿತು. ಶೆಡ್ಡಿನ ಹನ್ನೊಂದು ಜನರೂ ಸುತ್ತ ನಿಂತ ಮೇಲೆಯೇ ಬಿಚ್ಚಿದೆವು.

ಹಳೆಯ ಸಮುದ್ರ ನಕಾಶೆ ಕತ್ತರಿಸಿ ಅಳತೆ ಮಾಡಿದ್ದೀಯಲ್ಲೋ! ಎಂಥ ಕಾಗದ, ದಪ್ಪಕ್ಕೆ ಮಡಿಸಿದರೆ ಶಬ್ದ ಬರುತ್ತದೆ. ನಿನ್ನ ಟರ್ಬೋದ ಹೊಟ್ಟೆಗೆ ಅಂಡಮಾನ್, ಬೆನ್ನಿಗೆ ಬರ್ಮಾ. ಗಂಗಾಲಕ್ಷ್ಮಿ ಮೇಜಿನ ಮೇಲೆ ಹರಡಿ, "ಸಾರ್, ಬಂಗಾಳ ಕೊಲ್ಲಿ ಎರಡು ಇಂಚು ಉದ್ದ ಐತೆ, ಕತ್ತರಿಸ್ಲಾ?" ಅಂದಳು. ಇಷ್ಟು ಸಲೀಸಾಗಿ ಸಮುದ್ರ ಕತ್ತರಿಸಿದವರು ಯಾವ ಕಾಲದಲ್ಲೂ ಇರಲಿಕ್ಕಿಲ್ಲ. ಮೇಲ್ಗಡೆಯ ಒಂದು ತುಂಡು ಕೊರಿಯರಿನವರ ಕೈಲಿ ಹರಿದಿತ್ತು, ಅದಕ್ಕೆ ಅಂದವಾಗಿ ತೇಪೆ ಹಾಕಿದ್ದಾಳೆ.

ಆದರೆ ಸಾಹೇಬರೇ, ಒಂದು ದೂರು ಇದೆ. ತುಂಡುಗಳ ಮೇಲಿನ ಬರಹ ನಿನ್ನದಲ್ಲ. ಯಾವನೋ ಮುತ್ತು ಪೋಣಿಸಿದ ಹಾಗೆ ಬರೆದಿದ್ದಾನೆ. ಸೆಕೆಂಡ್ ಎಂಜಿನಿಯರ್ ಆದಮೇಲೆ ಪೆನ್ನು ಹಿಡಿಯುವುದಕ್ಕೂ ಆಳು ಇಟ್ಟಿದ್ದೀಯೇನ್ಲಾ? ಮೇಲಾಗಿ ಅಂಡಮಾನಿನ ಪಕ್ಕ ಒಂದು ಬಿಳಿ ಕಲೆ. ಮೊಸರನ್ನ ಕಲಸಿದ ಕೈಯಲ್ಲೇ ಅಳತೆ ತೆಗೆದೆಯಾ? ಗಂಗಾಲಕ್ಷ್ಮಿ ಆ ತುಂಡನ್ನು ಮೂಸಿ ನನ್ನ ಕೈಗೆ ಕೊಟ್ಟಳು.

ಕೆಲಸ ಶುರುವಾಗಿದೆ. ಇವತ್ತು ಪ್ರಾಸ ಇಲ್ಲ, ಕರೆಂಟು ಹೋಗಿದೆ.

ಕಾಂತರಾಜ್


ಬಂಗಾಳ ಕೊಲ್ಲಿ
29 ಜೂನ್ 2024

ಕಾಂತ,

ಕೆಲಸ ಜಾಸ್ತಿ. ಬರೆದದ್ದು ಎಂಜಿನ್ನಿಗೆ ಎಣ್ಣೆ ಹಾಕುವ ನಮ್ಮ ಆಯಿಲರ್, ಫಿಲಿಪೀನ್ಸಿನವನು. ಅವನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ ಅಂತ ಬರೆಸಿದೆ. ಮೊಸರನ್ನವೇ ಅಂತ ಇಟ್ಟುಕೋ.

ಕೋಟು ಬೇಗ ಆಗಲಿ.

ಅಜ್ಮತ್


ಮಾಲೂರು
10 ಜುಲೈ 2024

ಮಾನ್ಯ ಸಭಾಧ್ಯಕ್ಷರೇ, ಗಣ್ಯರೇ, ವಿಶೇಷವಾಗಿ ಶಿವಾರಪಟ್ಟಣದಿಂದ ಆಗಮಿಸಿರುವ ಶಿಲ್ಪಿಗಳೇ,

ನಿನ್ನ ಕಾಗದ ಸಾಕಾಗಲಿಲ್ಲ ಅಜ್ಮತ್. ಕಾಗದ ಅಗಲ ಹೇಳುತ್ತದೆ, ಉಬ್ಬು ಹೇಳುವುದಿಲ್ಲ. ನಾವು ಯಾವಾಗಲೂ ಕೋಟನ್ನು ಅರ್ಧ ಹೊಲಿದು, ಪೈಪಿನ ಮೇಲೇ ಹಾಕಿ ನೋಡಿ, ಆಮೇಲೆ ಮುಗಿಸುವವರು. ಈಗ ಹಾಕಿ ನೋಡೋಣ ಅಂದರೆ ಗಿರಾಕಿ ನಡುಸಮುದ್ರದಲ್ಲಿದ್ದಾನೆ. ಗಂಗಾಲಕ್ಷ್ಮಿ ದಿಂಬಿನ ಮೇಲೆ ಹಾಕಿ ನೋಡಿದಳು, ಕೊಳಗದ ಮೇಲೆ ಹಾಕಿ ನೋಡಿದಳು, ಕೊನೆಗೆ ಬೆನ್ನು ಬಗ್ಗಿಸಿ ನಿಲ್ಲು ಅಂತ ನನ್ನ ಮೇಲೇ ಹಾಕಿ ನೋಡಿದಳು. "ನೀವು ಯಾವ್ದಕ್ಕೂ ಸರಿಹೋಗಲ್ಲ ಸಾರ್" ಅಂದಳು.

ಆಗ ಹೊಳೆಯಿತು. ಹತ್ತಿರದಲ್ಲೇ ಶಿವಾರಪಟ್ಟಣ! ಊರಿಗೂರೇ ಕಲ್ಲಿನಲ್ಲಿ ದೇವರನ್ನು ಕಡೆಯುವಾಗ ಒಂದು ಟರ್ಬೋಚಾರ್ಜರ್ ಕಡೆಯಲಾರದೇ? ನಕಾಶೆ ತುಂಡುಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಚನ್ನರಾಯಪ್ಪನವರ ಅಂಗಳಕ್ಕೆ ಹೋದೆ. ಊರಿಗೆಲ್ಲ ಅವರು ಮಾವ. ಮಾತಿನಲ್ಲೂ ಉಳಿ ಇಟ್ಟುಕೊಂಡಿರುವ ಮನುಷ್ಯ. ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಸುತ್ತ ಒಂದು ಸುತ್ತು ಬಂದರು.

"ಯಾವ ದೇವರಪ್ಪ ಇದು? ಮುಖ ಎಲ್ಲೈತೆ?"

"ವಾಯುದೇವರು ಅಂತ ಇಟ್ಕೊಳ್ಳಿ ಮಾವ. ಗಾಳಿ ತುಂಬೋ ಕೆಲಸ."

"ಕೈ?"

"ಇಲ್ಲ."

"ಕಾಲು?"

"ಇಲ್ಲ. ಕಿವಿ ಇದೆ."

"ಕಿವಿ ಒಂದಿದ್ರೆ ಸಾಕು ಬಿಡು. ದೇವರಿಗೆ ಬೇಕಾಗಿರೋದು ಅದೇ ತಾನೇ."

ಮೂಲೆಯಲ್ಲಿ ಸೀಳುಬಿಟ್ಟು ಯಾವ ವಿಗ್ರಹಕ್ಕೂ ಬಾರದೆ ಬಿದ್ದಿದ್ದ ಕಲ್ಲೊಂದನ್ನು ಉರುಳಿಸಿದರು. ಒಂದು ವಾರ ನಾನು ಹೋಗಲಿಲ್ಲ. ನಿನ್ನೆ ಹೋಗಿ ನೋಡುತ್ತೇನೆ, ಅಯ್ಯೋ ಅಜ್ಮತ್, ಏನು ಹೇಳಲಿ! ಹೊಂಗೆ ಮರದ ಕೆಳಗೆ ಒಂದು ಕಡೆ ನಂದಿ, ಒಂದು ಕಡೆ ಗಣಪತಿ, ನಡುವೆ ನಿನ್ನ ಟರ್ಬೋಚಾರ್ಜರ್. ಕರಿಕಲ್ಲು, ನುಣ್ಣಗೆ, ಹೊಟ್ಟೆ ತಿರುವಿಕೊಂಡು ಕೂತಿದೆ. ಎಣ್ಣೆ ಸವರಿದ್ದಾರೆ. ಪಕ್ಕದ ಮನೆಯ ಶಾಮಲಮ್ಮ ನಾನು ನೋಡುತ್ತಿರುವಂತೆಯೇ ಬಂದು, ತಲೆಗೆ ದಾಸವಾಳ ಇಟ್ಟು, ಕೈಮುಗಿದು ಹೋದರು. ಯಾವ ದೇವರು ಅಂತ ಕೇಳಲೂ ಇಲ್ಲ.

ಗಂಗಾಲಕ್ಷ್ಮಿಯನ್ನು ಅಲ್ಲಿಗೇ ಕರೆದುಕೊಂಡು ಹೋಗಿ, ಮರದ ಕೆಳಗೇ ಕೋಟು ಹಾಕಿ ನೋಡಿ, ಗುರುತು ಹಾಕಿಕೊಂಡು ಬಂದೆವು. ಉಬ್ಬಿಗೆ ಉಬ್ಬು, ಕಿವಿಗೆ ಚೀಲ, ಒಂದು ಸುಕ್ಕಿಲ್ಲ. ನನಗೆ ಕುಣಿಯುವ ಹಾಗೆ ಆಗಿತ್ತು. ಕುಣಿದೆ ಕೂಡ, ಸ್ವಲ್ಪ.

ಕಲ್ಲಲ್ಲಿ ಕೂತ ಗಾಳಿದೇವ,
ನಮ್ಮ ಸಾಹೇಬನಿಗಿಲ್ಲ ನೋವ.

ಎರಡನೇ ಸಾಲಿನಲ್ಲಿ ವ್ಯಾಕರಣ ಕುಂಟುತ್ತಿದೆ, ಹಾಗೇ ಇರಲಿ.

ಕಾಂತರಾಜ್


ಚಿತ್ತಗಾಂಗ್ ಹೊರಗೆ, ಲಂಗರಿನಲ್ಲಿ
13 ಜುಲೈ 2024

ಕಾಂತ,

ಕಲ್ಲಿನ ಟರ್ಬೋ ಸುದ್ದಿ ಹೇಳಿದೆ, ಎಂಜಿನ್ ರೂಮೆಲ್ಲ ನಕ್ಕಿತು. ಪೂಜೆ ಮಾಡಿದರೆ ಬಿಸಿ ಕಡಿಮೆಯಾಗುತ್ತದೆಯಾ ಅಂತ ಚೀಫ್ ಕೇಳುತ್ತಿದ್ದಾನೆ. ತಮಾಷೆಗೋ ಅಲ್ಲವೋ ಗೊತ್ತಾಗಲಿಲ್ಲ.

ಚೆನ್ನೈಗೆ 23ಕ್ಕೆ ಬರುತ್ತೇವೆ. ಬಂದರಿನ ಪಾಸಿಗೆ ನಿನ್ನ ಹೆಸರು ಕೊಟ್ಟಿದ್ದೆ, ಇಷ್ಟು ಬೇಗ ಆಗುವುದಿಲ್ಲ ಅಂದರು. ಗೇಟಿನಲ್ಲಿ ನಮ್ಮ ಏಜೆಂಟ್ ಕೋಟು ತೆಗೆದುಕೊಳ್ಳುತ್ತಾನೆ. ನೀನು ಬರಲಾಗದ್ದೂ ಒಳ್ಳೆಯದೇ ಆಯಿತು, ಇಲ್ಲಿ ಬರೀ ಗಲೀಜು.

ಅಜ್ಮತ್


ಮಾಲೂರು
20 ಜುಲೈ 2024

ಮಾನ್ಯ ಸಭಾಧ್ಯಕ್ಷರೇ, ಕೋಟು ಮುಗಿಯಿತು!

ನಾನು ಬರದಿದ್ದದ್ದು ಒಳ್ಳೆಯದಾಯಿತು ಅಂತ ಬರೆದಿದ್ದೀಯ. ಮುಳಬಾಗಿಲಿನ ಒಂದೇ ಬೆಂಚಿನಲ್ಲಿ ಕೂತವನ ಬಟ್ಟೆ ನೋಡಿ ನಿಮ್ಮ ಚೀಫ್ ನಗುತ್ತಾನೆ ಅಂತ ನಾಚಿಕೆಯೇನೋ ನಿನಗೆ? ಹೋಗಲಿ. ನನ್ನ ಬದಲು ನನ್ನ ಹೊಲಿಗೆ ಬರುತ್ತಿದೆ.

ಕೇಳು ಅದರ ವೈಭವ. ಒಳಮೈಗೆ ಗಾಜಿನ ನಾರಿನ ಬಟ್ಟೆ. ನಡುವೆ ಬಿಳಿಯ ಸೆರಾಮಿಕ್ ಉಣ್ಣೆ, ಎರಡು ಪದರ. ಹೊರಗೆ ಬೂದುಬಣ್ಣದ ಸಿಲಿಕಾನ್ ಬಟ್ಟೆ, ಅದರ ಮೇಲೆ ಎಣ್ಣೆ ಬಿದ್ದರೆ ಕೆಸುವಿನ ಎಲೆ ಮೇಲಿನ ನೀರು. ಹೊಲಿಗೆಗೆ ಉಕ್ಕಿನ ದಾರ. ಗಂಗಾಲಕ್ಷ್ಮಿ ಮುರಿದ ಸೂಜಿಗಳನ್ನು ಒಂದು ಲೋಟದಲ್ಲಿ ಹಾಕಿಟ್ಟಿದ್ದಾಳೆ, ನೀನು ರಜೆಗೆ ಬಂದಾಗ ತೋರಿಸಲು.

ಒಂದು ತಪ್ಪಾಗಿದೆ, ಮುಚ್ಚಿಡುವುದಿಲ್ಲ. ಸಾಮಾನ್ಯವಾಗಿ ನಾವು ಕೋಟನ್ನು ಉಕ್ಕಿನ ತಂತಿಯಿಂದ ಎರಡೂ ಕೈಯಲ್ಲಿ ಎಳೆದು, ಬಲಕ್ಕೆ ಗಂಟು ಹಾಕುತ್ತೇವೆ. ಈ ಸಲ ಗಂಗಾಲಕ್ಷ್ಮಿ ತಂತಿ ಬಿಟ್ಟು, ಒತ್ತಿದರೆ ಟಕ್ ಅಂತ ಕೂರುವ ಸ್ಪ್ರಿಂಗ್ ಕೊಂಡಿ ಹಾಕಿದ್ದಾಳೆ. ಅದೂ ಎಲ್ಲವನ್ನೂ ಎಡಗಡೆಗೇ ಹೊಲಿದುಬಿಟ್ಟಿದ್ದಾಳೆ. ಬಿಚ್ಚಿ ಹೊಲಿಯಲು ಸಮಯ ಇಲ್ಲ. ಹೊಂದಿಸಿಕೋ, ಬೈಯಬೇಡ.

ಭಾನುವಾರ ಮುಳಬಾಗಿಲಿಗೆ ಹೋಗಿ ನಿನ್ನ ಅಮ್ಮಿ ಅಮೀನಾ ಬೀಯವರನ್ನು ನೋಡಿದೆ. ಬಾಗಿಲಲ್ಲೇ ಕೂತಿದ್ದರು. "ಬಾ ಬೇಟಾ. ನಮ್ಮ ಅಜ್ಮತ್ ಹೆಂಗವ್ನೆ? ಎಸಿ ಜಾಸ್ತಿ ಆಗಿ ಶೀತ ಗೀತ ಆಗಿಲ್ಲ ತಾನೇ?" ಅಂದರು. ಸ್ವಲ್ಪ ಶೀತ ಆಗಿತ್ತಂತೆ, ಈಗ ವಾಸಿ ಅಂದೆ. ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟಿದ್ದಾರೆ.

ಕೋಟು, ಉಪ್ಪಿನಕಾಯಿ, ಶ್ರೀನಿವಾಸಪುರದ ಬಾದಾಮಿ ಮಾವಿನ ಒಂದು ಪೆಟ್ಟಿಗೆ, ಮೂರೂ ಸೋಮವಾರ ಟೊಮೆಟೊ ಲಾರಿಯಲ್ಲಿ ಚೆನ್ನೈಗೆ ಹೊರಡುತ್ತವೆ. ಹಣ್ಣು ಈ ಸೀಸನ್ನಿನ ಕೊನೆಯದು. ಯಾವುದನ್ನು ತಿನ್ನಬೇಕು, ಯಾವುದನ್ನು ತೊಡಿಸಬೇಕು ಅಂತ ಚೀಟಿ ಅಂಟಿಸಿದ್ದೇನೆ.

ಟರ್ಬೋ ಮೈಗೆ ಮಾಲೂರ ಕೋಟು,
ತೊಡಿಸುವ ದಿನ ತಪ್ಪಲಿ ಏಟು.

ಕಾಂತರಾಜ್


ಚೆನ್ನೈ
24 ಜುಲೈ 2024

ಕಾಂತ,

ಕೋಟು ಕೂತಿತು. ಚೆನ್ನಾಗಿದೆ. ಹಣ್ಣು ಇನ್ನೂ ಚೆನ್ನಾಗಿತ್ತು, ಚೀಫ್ ಒಬ್ಬನೇ ಆರು ತಿಂದ. ನಾಳೆ ಬೆಳಿಗ್ಗೆ ಹೊರಡುತ್ತೇವೆ.

ಗಂಗಾಲಕ್ಷ್ಮಿಗೆ ನನ್ನ ಸಲಾಂ ಹೇಳು.

ಅಜ್ಮತ್


ಮಾಲೂರು
28 ಜುಲೈ 2024

ಅಜ್ಮತ್, ಇದನ್ನು ಓದಿದ ತಕ್ಷಣ ಎದ್ದು ಎಂಜಿನ್ ಹತ್ತಿರ ಹೋಗು. ಸಭಾಧ್ಯಕ್ಷರು ಕಾಯಲಿ.

ಕೂತಿತು ಅಂತ ನೀನು ಬರೆದ ದಿನ ಶೆಡ್ಡಿನಲ್ಲಿ ಜಿಲೇಬಿ ಹಂಚಿದೆವು. ಚನ್ನರಾಯಪ್ಪನವರಿಗೂ ಎಲೆ ಅಡಿಕೆ ಕೊಟ್ಟು ಬರೋಣ ಅಂತ ಇವತ್ತು ಶಿವಾರಪಟ್ಟಣಕ್ಕೆ ಹೋದೆ. ಹೊಂಗೆ ಮರದ ಕೆಳಗೆ ಕಲ್ಲಿನ ಟರ್ಬೋ ಕೂತಿತ್ತು. ಅದರ ಎರಡೂ ಕಿವಿಯ ಮೇಲೆ ಎರಡು ದಾಸವಾಳ. ಎರಡು! ನಿನ್ನ ಜೂನ್ ತಿಂಗಳ ಕಾಗದ ಆಗ ನೆನಪಾಯಿತು. ಎಡಗಿವಿ ಮುರಿದಿದೆ ಅಂತ ಬರೆದಿದ್ದೆ. ಬರೆದಿಟ್ಟುಕೋ ಅಂತಲೂ ಬರೆದಿದ್ದೆ.

"ಮಾವ, ಈ ಎಡಗಿವಿ ಎಲ್ಲಿಂದ ಬಂತು?"

"ಉಳಿಯಿಂದ ಬಂತು. ಇನ್ನೆಲ್ಲಿಂದ ಬರ್ತದೆ?"

"ಹಡಗಲ್ಲಿರೋದಕ್ಕೆ ಆ ಕಿವಿ ಮುರಿದಿದೆ ಮಾವ!"

"ಗೊತ್ತಾಯ್ತಲ್ಲ. ಕಾಗದದಾಗೆ ಅಲ್ಲಿ ಹರಿದಿತ್ತು, ನೀವೇ ತೇಪೆ ಹಾಕಿ ತುಂಬಿಸಿದ್ರಿ. ಮುರಿದಿರಬೇಕು ಅಂದ್ಕೊಂಡೆ, ತುಂಬಿಸ್ದೆ."

"ಮುರಿದಿದೆ ಅಂತ ಗೊತ್ತಿದ್ದೂ ಯಾಕೆ ತುಂಬಿಸಿದ್ರಿ?"

"ಭಿನ್ನ ಆಗಿರೋದನ್ನ ನಮ್ಮ ಅಂಗಳದಿಂದ ಆಚೆ ಕಳ್ಸಿದ್ದು ಎಂದಾದ್ರೂ ಕಂಡಿದ್ದೀಯಾ? ನಮ್ಮಪ್ಪನ ಕಾಲದಾಗೂ ಇಲ್ಲ. ಒಂದು ಬೆರಳು ಮುಕ್ಕಾದ್ರೆ ಇಡೀ ವಿಗ್ರಹ ಮೂಲೆಗೆ. ನಿನ್ನ ಬಸವನಹುಳಕ್ಕೆ ಪುಗಸಟ್ಟೆ ಒಂದು ಕಿವಿ ಕೊಟ್ಟಿದ್ದಕ್ಕೆ ಜಗಳಕ್ಕೆ ಬಂದಿದ್ದೀಯ."

"ಇದು ದೇವರಲ್ಲ ಮಾವ!"

"ಹಂಗಂತ ಶಾಮಲಮ್ಮಂಗೆ ಹೇಳು ಹೋಗು."

ಆ ತುಂಡು ಕೊರಿಯರಿನವರ ಕೈಲಿ ಹರಿದಿರಲಿಲ್ಲ ಅಜ್ಮತ್. ಮೊಂಡಿನ ಆಕಾರಕ್ಕೇ ನೀನು ಹರಿದಿದ್ದೆ. ಗಂಗಾಲಕ್ಷ್ಮಿ ತೇಪೆ ಹಾಕಿದಳು, ಮಾವ ಕಿವಿ ಕೊಟ್ಟರು, ನಾನು ಕುಣಿದೆ. ಇಲ್ಲದ ಕಿವಿಗೆ ಚೀಲ ಹೊಲಿದು ಕಳಿಸಿದೆವು. ಖಾಲಿ ಚೀಲ ಬಾಯಿ ತೆರೆದುಕೊಂಡಿರುತ್ತದೆ. ಮೇಲಿಂದ ಎಣ್ಣೆ ಸೋರಿದರೆ ಅದರಲ್ಲೇ ನಿಲ್ಲುತ್ತದೆ, ಹೊಲಿಗೆಯ ಸಂದಿನಿಂದ ಒಳಗಿನ ಉಣ್ಣೆ ಅದನ್ನು ಕುಡಿಯುತ್ತದೆ. ಬೆಂಕಿ ಬೇಡ ಅಂತ ಕಳಿಸಿದ ಕೋಟೇ ದೀಪದ ಬತ್ತಿಯಾಗುತ್ತದೆ.

ಎಂಜಿನ್ ನಿಲ್ಲಿಸಲು ಚೀಫ್‌ಗೆ ಹೇಳು. ಕೋಟು ಬಿಚ್ಚಿಸು. ನೀನು ಮಾತ್ರ ಕೈ ಹಾಕಬೇಡ, ಆಯಿಲರ್ ಕೈಲಿ ಬಿಚ್ಚಿಸು. ನೀನು ಕೈ ಹಾಕಲೇಬೇಡ.

ತಕ್ಷಣ ಉತ್ತರ ಬರೆ.

ಕಾಂತ


ಹಿಂದೂ ಮಹಾಸಾಗರ
1 ಆಗಸ್ಟ್ 2024

ಲೇ ಕಾಂತ,

ಮೂರು ದಿನ ಮೇಲ್ ಕೆಟ್ಟಿತ್ತು, ನಿನ್ನ ಕಾಗದ ಇವತ್ತು ಸಿಕ್ಕಿತು. ಮೊದಲು ನೀರು ಕುಡಿ. ಹಡಗು ತೇಲುತ್ತಿದೆ, ನಾನೂ ಇದ್ದೇನೆ.

ನಾನು ಕೈ ಹಾಕಬಾರದು ಅಂತ ಎರಡೆರಡು ಸಲ ಬರೆದಿದ್ದೀಯ. ಓದಿ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ಎಂಜಿನ್ ರೂಮಿನಲ್ಲಿರುವವನಿಗೆ ಒಂದು ಕೋಟು ಬಿಚ್ಚಲು ಬರುವುದಿಲ್ಲ ಅಂದುಕೊಂಡೆಯಾ? ಆ ಸಿಟ್ಟಿನಲ್ಲೇ ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಚೀಲ ಖಾಲಿ ಅನ್ನುವುದು ಚೆನ್ನೈನಲ್ಲಿ ಕೋಟು ತೊಡಿಸಿದ ಕೂಡಲೇ ಗೊತ್ತಾಯಿತು. ಕತ್ತರಿಸಿ ಹೊಲಿಯಬಹುದಿತ್ತು. ನನ್ನ ಕೈಲಿ ಆಗುತ್ತಿರಲಿಲ್ಲ. ಕೊಲಂಬೊ ಸೇರುವ ಎರಡು ದಿನ ಮುಂಚೆ ಒಂದು ಡೀಸೆಲ್ ಕೊಳವೆ ಸೀಳಿ ಆ ಬೆತ್ತಲೆ ಕಬ್ಬಿಣದ ಮೇಲೆ ಚಿಮ್ಮಿತು. ಹೊತ್ತಿಕೊಂಡಿತು. ನಾವು ಆರಿಸಿದೆವು, ಹಡಗಿಗೆ ಏನೂ ಆಗಲಿಲ್ಲ. ನನ್ನ ಬಲಗೈ ಸುಟ್ಟಿತು. ಈಗ ವಾಸಿಯಾಗುತ್ತಿದೆ, ಎರಡು ಬೆರಳು ಮಾತ್ರ ಇನ್ನೂ ಪೂರ್ತಿ ಮಡಚುವುದಿಲ್ಲ. ಅಳತೆಯ ಮೇಲಿನ ಅಕ್ಷರ ನನ್ನದಲ್ಲದ್ದು ಅದಕ್ಕೆ. ಬಂದರಿಗೆ ನೀನು ಬರಲಾಗದ್ದು ಒಳ್ಳೆಯದಾಯಿತು ಅಂದದ್ದೂ ಅದಕ್ಕೇ, ನಿನ್ನ ಬಟ್ಟೆಗಲ್ಲ ಕಣೋ ಮಂಗ.

ಈಗ ಒಳ್ಳೆಯ ಸುದ್ದಿ ಕೇಳು. ಚೀಲ ಕತ್ತರಿಸುವುದು ಬೇಡ ಅಂತ ನಮ್ಮ ಫಿಟ್ಟರ್ ಅಂದ. ಮೊಂಡಿನಲ್ಲಿ ಹಳೆಯ ಬೋಲ್ಟಿನ ತೂತು ಹಾಗೇ ಇತ್ತು. ಚೀಲದ ಅಳತೆಗೆ ಉಕ್ಕಿನ ತಗಡು ಕತ್ತರಿಸಿ, ಅಲ್ಲಿ ಬಿಗಿದ. ನಿಮ್ಮ ಮಾವ ಕಲ್ಲಲ್ಲಿ ಕೊಟ್ಟ ಕಿವಿಯನ್ನು ನಾವು ಉಕ್ಕಲ್ಲಿ ಕೊಟ್ಟೆವು. ಚೀಲ ತುಂಬಿತು, ಕೋಟು ಮೈಗಂಟಿ ಕೂತಿತು. ಇದರಿಂದ ಎತ್ತಬಾರದು ಅಂತ ಕೆಂಪು ಬಣ್ಣದಲ್ಲಿ ಬರೆದಿದ್ದೇವೆ. ಬರೀ ಶೋಭೆಗೆ ಇರುವ ಕಿವಿ ಹಡಗಿನ ಲೋಕದಲ್ಲಿ ಇದೊಂದೇ ಇರಬೇಕು.

ಇನ್ನೂ ಇದೆ. ನಿನ್ನೆ ಬೆಳಗಿನ ಟೀ ಹೊತ್ತಿಗೆ ಅದೇ ಸಾಲಿನ ಇನ್ನೊಂದು ಕೊಳವೆಯ ಜಾಯಿಂಟು ಬಿಟ್ಟಿತು. ಡೀಸೆಲ್ ಚಿಮ್ಮಿ ಸೀದಾ ಕೋಟಿನ ಮೇಲೆ. ನಾನು ಎದುರಿಗೇ ಇದ್ದೆ ಕಾಂತ. ಎಣ್ಣೆ ಎಡಗಿವಿಯ ಮೇಲಿಂದ ಜಾರಿತು, ಹೊಟ್ಟೆಯ ಮೇಲಿಂದ ಜಾರಿತು, ಕೆಳಗಿನ ತಟ್ಟೆಗೆ ಬಿತ್ತು. ಹೊಗೆ ಇಲ್ಲ! ಒಂದು ಎಳೆ ಹೊಗೆ ಇಲ್ಲ! ಒಂದನೇ ಜನರೇಟರ್ ಈಗ ರಿಪೇರಿಯಾಗಿದೆ, ಅದನ್ನು ಓಡಿಸಿ ಈ ಎಂಜಿನ್ ನಿಲ್ಲಿಸಿದ ಮೇಲೆ ಆಯಿಲರ್ ನನ್ನನ್ನು ತಬ್ಬಿಕೊಂಡು ಅವನ ಭಾಷೆಯಲ್ಲಿ ಏನೇನೋ ಕೂಗಿದ, ನಾನು ದಖ್ಖನಿಯಲ್ಲಿ ಕೂಗಿದೆ, ಇಬ್ಬರಿಗೂ ಅರ್ಥವಾಯಿತು. ಜಾಯಿಂಟು ಬಿಗಿದು ಮತ್ತೆ ಓಡಿಸಿದಾಗ ಚೀಫ್ ಬಿಸಿ ಅಳೆಯುವ ಗನ್ನು ಹಿಡಿದು ನೋಡಿದ. ಮೊದಲು ನಾನೂರು ತೋರಿಸುತ್ತಿದ್ದ ಜಾಗದಲ್ಲಿ ಈಗ ಅರವತ್ತೆರಡು. ಕಂಪನಿಯ ಉಳಿದ ಹಡಗುಗಳಿಗೂ ಇದೇ ಬೇಕು ಅಂತ ನನ್ನ ಎದುರಿಗೇ ಮೇಲ್ ಮಾಡಿದ್ದಾನೆ.

ಗಂಗಾಲಕ್ಷ್ಮಿಯ ಆ ತಪ್ಪಿಗೆ ಸಲಾಂ ಹೇಳು. ಎಂಜಿನ್ನಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಒಬ್ಬನೇ ತೂರಬಹುದು, ಎಲ್ಲೆಲ್ಲಿ ಯಾವ ಕೊಳವೆ ಇದೆ ಅಂತ ಗೊತ್ತಿರುವುದು ನನಗೆ. ಕೊಂಡಿಗಳು ಬಲಕ್ಕಿದ್ದಿದ್ದರೆ, ತಂತಿ ಎಳೆಯಬೇಕಾಗಿದ್ದಿದ್ದರೆ, ನನ್ನ ಕೈಲಿ ಆಗುತ್ತಿರಲಿಲ್ಲ. ಎಡಗೈ ಒಂದರಲ್ಲೇ ಟಕ್ ಟಕ್ ಅಂತ ಎಲ್ಲವನ್ನೂ ಕೂರಿಸಿದೆ. ತಪ್ಪುಗಳಲ್ಲೂ ಅದೃಷ್ಟ ಇರುತ್ತದೆ ನೋಡು.

ಅಮ್ಮಿಗೆ ಹೇಳಬೇಡ. ಸೆಪ್ಟೆಂಬರಿನಲ್ಲಿ ಬಂದಾಗ ನಾನೇ ಹೇಳುತ್ತೇನೆ.

ಅಜ್ಮತ್


ಮಾಲೂರು
2 ಆಗಸ್ಟ್ 2024

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ನಾಲ್ಕೂ ತಾಲ್ಲೂಕುಗಳ ಮಹಾಜನರೇ,

ಹೊಗೆ ಇಲ್ಲ! ಈ ಎರಡು ಪದವನ್ನು ಬೆಳಿಗ್ಗೆಯಿಂದ ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಶೆಡ್ಡಿನಲ್ಲಿ ಮಿಷನ್‌ಗಳೆಲ್ಲ ನಿಂತವು. "ಅರವತ್ತೆರಡಾ? ನಮ್ಮೂರ ಬಿಸಿಲಲ್ಲಿ ನಿಲ್ಸಿದ ಬೈಕ್ ಸೀಟೂ ಅಷ್ಟೇ ಸುಡ್ತದೆ ಸಾರ್!" ಅಂತ ಗಂಗಾಲಕ್ಷ್ಮಿ ಕಿರುಚಿ, ಮುರಿದ ಸೂಜಿಗಳ ಲೋಟವನ್ನು ಗೆಜ್ಜೆಯ ಹಾಗೆ ಕುಲುಕುತ್ತ ಶೆಡ್ಡಿನ ಸುತ್ತ ಓಡಿದಳು. ಉಕ್ಕಿನ ಕಿವಿಯ ಸುದ್ದಿ ಹೇಳಲು ಚನ್ನರಾಯಪ್ಪನವರಿಗೆ ಫೋನ್ ಮಾಡಿದೆ. "ನಾನೇನಂದೆ? ಭಿನ್ನ ಹೋಯ್ತು, ಬೆಂಕಿ ಹೋಯ್ತು" ಅಂದು ಇಟ್ಟುಬಿಟ್ಟರು. ಉಳಿದ ಹಡಗುಗಳ ಅಳತೆಗೆ ನಾವೇ ಬರುತ್ತೇವೆ ಅಂತ ನಿಮ್ಮ ಚೀಫ್‌ಗೆ ಹೇಳು. ಗಂಗಾಲಕ್ಷ್ಮಿ ಸಮುದ್ರ ನೋಡಬೇಕಂತೆ. ಕತ್ತರಿಸಿ ಗೊತ್ತು, ನೋಡಿ ಗೊತ್ತಿಲ್ಲ ಅನ್ನುತ್ತಿದ್ದಾಳೆ.

ಇಲ್ಲದ ಕಿವಿಗೆ ಹೊಲಿದೆವು ಚೀಲ,
ತುಂಬಿಸಿಕೊಟ್ಟಿತು ಸಾಗರ ನೀಲ.

ಇನ್ನು ಮುಂದೆ, ಮಾನ್ಯ ಸಭಾಧ್ಯಕ್ಷರೇ, ತಾವು

ಇಲ್ಲ. ಆಗುತ್ತಿಲ್ಲ. ಎಲ್ಲರೂ ಎದ್ದು ಮನೆಗೆ ಹೋಗಿ.

ಲೇ ಅಜ್ಮತ್, ಪೊಟ್ಟಣ ಬಂತು, ಪ್ರಾಸ ಇಲ್ಲ ಅಂತ ಬರೆದ ದಿನ ಕರೆಂಟು ಹೋಗಿರಲಿಲ್ಲ. ಅಂಡಮಾನಿನ ಪಕ್ಕ ಇದ್ದದ್ದು ಮೊಸರಲ್ಲ ಅಂತ ಗಂಗಾಲಕ್ಷ್ಮಿ ಮೂಸಿದಾಗಲೇ ಗೊತ್ತಾಯಿತು. ದಿನವೂ ಬಾಗಿಲ ಪಕ್ಕ ನೇತಾಡುವ ಮುಲಾಮಿನ ವಾಸನೆ ನಮಗೆ ಗೊತ್ತಿಲ್ಲವೇನೋ? ಬರಹ ಬೇರೆಯವನದ್ದು ಅಂದಮೇಲೆ ಸುಟ್ಟದ್ದು ಬಲಗೈ. ಅದೂ ಗೊತ್ತಾಯಿತು. ನೀನು ಹೇಳಲಿಲ್ಲ. ನನಗೆ ಕೇಳಲು ಧೈರ್ಯ ಬರಲಿಲ್ಲ. ಮೊಸರನ್ನ ಅಂತ ಬರೆದು ಕಳಿಸಿದೆ.

ಗಂಗಾಲಕ್ಷ್ಮಿ ತಪ್ಪು ಹೊಲಿದಿಲ್ಲ ಕಣೋ. ತಂತಿ ಬೇಡ, ಕೊಂಡಿ ಹಾಕು, ಎಲ್ಲವನ್ನೂ ಎಡಕ್ಕೆ ಹೊಲಿ ಅಂದವನು ನಾನು.